ಅಪ್ಪನ ಸೀಟಿನ ಕೆಂಪು ದೀಪ

ನಮ್ಮ ಹಳೆಯ ಕಾರಿನ ಮೀಟರಿನಲ್ಲಿ ಒಬ್ಬ ಕೆಂಪು ಮನುಷ್ಯ ಇದ್ದ. ಪಕ್ಕಕ್ಕೆ ಮುಖ ಮಾಡಿ, ಎದೆಯ ಮುಂದೆ ದುಂಡನೆಯ ಚೆಂಡೊಂದನ್ನು ಹಿಡಿದು ಕೂತವನು. ಏರ್‌ಬ್ಯಾಗಿನ ದೀಪ ಅದು. ಕೀ ತಿರುಗಿಸಿದಾಗ ಒಮ್ಮೆ ಮುಖ ತೋರಿಸಿ ಹೋಗಬೇಕು, ಅಷ್ಟೇ ಅವನ ಕೆಲಸ. ಆ ಚಳಿಗಾಲದಲ್ಲಿ ಬಂದವನು ಹೋಗಲೇ ಇಲ್ಲ. ಕರೆಯದೆ ಬಂದ ನೆಂಟನ ಹಾಗೆ ಬೀದರಿನಿಂದ ಭಾಲ್ಕಿಯವರೆಗೂ ಕೂತೇ ಇದ್ದ. ನಸುಕಿನ ಮಂಜಿನಲ್ಲಿ ಅವನ ಬಿಂಬ ಮುಂದಿನ ಗಾಜಿನ ಮೇಲೆ ಬಿದ್ದು, ರಸ್ತೆಯ ಮೇಲೆ ಯಾರೋ ತೇಲುತ್ತ ನಮಗೆ ದಾರಿ ತೋರಿಸುತ್ತಿರುವಂತೆ ಕಾಣುತ್ತಿತ್ತು.

ನಾನು ಭಾಲ್ಕಿಯ ಶಾಲೆಯೊಂದರಲ್ಲಿ ಟೀಚರ್. ಮನೆ ಬೀದರಿನ ಚಿದ್ರಿಯಲ್ಲಿ. ಮನೆಯಲ್ಲಿ ನಾನು, ಅಪ್ಪ, ಇಬ್ಬರೇ. ಶಾಲೆಗೆ ನಾನು ಬಸ್ಸಿನಲ್ಲೇ ಹೋಗಿಬರುವುದು, ಕಾರು ಹೊರಡುತ್ತಿದ್ದದ್ದು ಅಪ್ಪನ ಜೊತೆಗೆ ಮಾತ್ರ. ರಜೆಯ ಶನಿವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಡಾಬಕಾಕ್ಕೆ, ಸೋದರತ್ತೆಯ ಮನೆಗೆ ಹೋಗುವುದು ರೂಢಿ. ಭಾಲ್ಕಿ, ಕಮಲನಗರದ ಮೇಲೆ ಹೋಗಿ ಔರಾದಿನ ಮೇಲೆ ತಿರುಗಿ ಬರಬೇಕು. ಹಾಗೆ ಸುತ್ತು ಹಾಕಿ ಬಂದರೇನೇ ಅಪ್ಪನಿಗೆ ಹೋಗಿ ಬಂದ ಸಮಾಧಾನ. ಮಿಶನ್ ಆಸ್ಪತ್ರೆಯ ಜೀಪು ಓಡಿಸಿದವನು ಅವನು. ಈ ಹಳ್ಳಿಗಳಿಗೆಲ್ಲ ನರ್ಸುಗಳನ್ನು ಕರೆದೊಯ್ದವನು, ಇಲ್ಲಿಂದ ರೋಗಿಗಳನ್ನು ಕರೆತಂದವನು. ಆ ನರ್ಸುಗಳಲ್ಲಿ ಒಬ್ಬಳನ್ನು ಸೀದಾ ಮನೆಗೇ ಕರೆತಂದ. ಅವಳೇ ನಮ್ಮವ್ವ, ಈಗ ಇಲ್ಲ.

ಕಣ್ಣಿನ ನರ ಸೊರಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅಪ್ಪ ಸ್ಟಿಯರಿಂಗ್ ನನಗೆ ಕೊಟ್ಟು ಎಡಗಡೆಯ ಸೀಟಿಗೆ ಬಂದ. ಬಂದ ಅಂದರೆ ಪೂರ್ತಿ ಬಂದನೆಂದಲ್ಲ. ಅಲ್ಲಿಂದಲೇ ಗಾಡಿ ಓಡಿಸುತ್ತಿದ್ದ. ನಾನು ಬ್ರೇಕು ಒತ್ತುವ ಮೊದಲೇ ಅವನ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ಕಣ್ಣು ಹೇಗಿದೆ ಎಂದು ಕೇಳಿದರೆ, ಹನಿ ಹಾಕ್ಕೊಂಡ ಮ್ಯಾಲ ಬೇಷ್ ಕಾಣ್ತದ ಅನ್ನುತ್ತಿದ್ದ. ಕೆಂಪು ಮಣ್ಣು ಮುಗಿದು ಕಪ್ಪು ಮಣ್ಣು ಶುರುವಾಗುವುದನ್ನೂ, ಸಣ್ಣ ಸೇತುವೆಯನ್ನೂ, ತಿರುವನ್ನೂ ಒಂದೊಂದಾಗಿ ಮೆಲ್ಲಗೆ ಹೇಳುತ್ತ ಹೋಗುತ್ತಿದ್ದ. ತೊಗರಿ ಹೊಲಗಳ ನಡುವೆ ಕನಸಿನಂಥ ಎಚ್ಚರದಲ್ಲಿ ನಾನು ಆ ದನಿಯ ಹಿಂದೆ ಹೋಗುತ್ತಿದ್ದೆ. ಗಾಡಿ ನಾನು ನಡೆಸುತ್ತಿದ್ದೆನೋ ಅವನೋ, ಗೊತ್ತಾಗುತ್ತಿರಲಿಲ್ಲ. ಅಷ್ಟು ಸುಖ ನನಗೆ ಬೇರೆ ಎಲ್ಲಿಯೂ ಸಿಕ್ಕಿಲ್ಲ.

ಭಾಲ್ಕಿ ದಾಟಿದ ಮೇಲೆ ಒಂದು ಕಡೆ ತಪ್ಪದೆ, ಹುಣಸಿ ಮರ ಬಂತು ನೋಡು, ಅನ್ನುತ್ತಿದ್ದ. ಜೀಪು ನಿಲ್ಲಿಸಿ ಅವ್ವನ ಜೊತೆ ಬುತ್ತಿ ಬಿಚ್ಚಿದ ಮರ ಅದು. ರಸ್ತೆ ಅಗಲ ಮಾಡುವಾಗ ಕಡಿದುಬಿಟ್ಟಿದ್ದರು. ಆದರೆ ನಮ್ಮ ಕಡೆ ಮರ ಹೋದರೂ ಅದರ ಹೆಸರು ಹೋಗುವುದಿಲ್ಲ. ಬಸ್ಸಿನವರು ಈಗಲೂ ಅಲ್ಲಿ ಹುಣಸಿ ಮರ ಎಂದೇ ಜನರನ್ನು ಇಳಿಸುತ್ತಾರೆ. ಹಾಗಾಗಿ ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೆಂಪು ದೀಪದ ಮಾತು ತೆಗೆದಾಗ ಅವನು ಯಾವ ದೀಪ ಎಂದು ಕೇಳಿದ್ದನ್ನೂ ಹಚ್ಚಿಕೊಳ್ಳಲಿಲ್ಲ. ಜೀಪಿನ ಮನುಷ್ಯ, ಏರ್‌ಬ್ಯಾಗೆಂದರೆ ತಾತ್ಸಾರ ಇರಬೇಕು ಅಂದುಕೊಂಡೆ.

ಭಾಲ್ಕಿಯಲ್ಲಿ ನನಗೆ ಗುರುತಿನ ಮೆಕ್ಯಾನಿಕ್ ಒಬ್ಬನಿದ್ದಾನೆ. ಸ್ಕ್ಯಾನರ್ ಹಚ್ಚಿ ನೋಡಿದ. ಎಡಗಡೆ ಎಲ್ಲೋ ವೈರಿನ ಸಂಪರ್ಕ ಸರಿಯಿಲ್ಲ ಎಂದು ಅದು ತೋರಿಸಿತು. ಎಲ್ಲಿ, ಯಾಕೆ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಫ್ಯೂಸು ನೋಡಿದ, ಬ್ಯಾಟರಿಯ ತುದಿಗಳನ್ನು ಉಜ್ಜಿದ, ದೀಪ ಆರಿಸಿ ಕಳಿಸಿದ. ಮುಂದಿನ ಸಲ ಡಾಬಕಾಕ್ಕೆ ಹೊರಟರೆ ಅರ್ಧ ದಾರಿಯಲ್ಲಿ ಕೆಂಪು ಮನುಷ್ಯ ಮತ್ತೆ ಹಾಜರ್. ನನ್ನದು ಹೋದ ಪುಟ್ಟ ಬಂದ ಪುಟ್ಟನ ಕತೆಯಾಯಿತು. ಕೊನೆಗೆ ಮೆಕ್ಯಾನಿಕ್ ಬೇಸತ್ತು, “ಬಲ್ಬ್ ತಗದುಬಿಟ್ರ ಆಯ್ತಲ್ರಿ ಟೀಚರ್, ಬಾಳ ಮಂದಿ ಹಂಗೇ ಮಾಡ್ತಾರ್ರಿ,” ಅಂದ. ನನಗೆ ಸಿಟ್ಟು ನೆತ್ತಿಗೇರಿತು. ಬೆಂಕಿ ಬಿದ್ದಿದೆ ಎಂದು ಕೂಗುವವನ ಬಾಯಿ ಮುಚ್ಚಿದರೆ ಬೆಂಕಿ ಆರುತ್ತದೆಯೇ? ದೀಪ ಉರಿಯುತ್ತಿದ್ದರೆ, ಗಾಡಿ ಎಲ್ಲಾದರೂ ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚದೆ ಹೋಗಬಹುದು ಎಂದು ಕಾರಿನ ಪುಸ್ತಕದಲ್ಲಿ ಓದಿದ್ದೆ.

ಅದಕ್ಕೇ ಅಪ್ಪನಿಗೆ ಖಡಕ್ಕಾಗಿ ಹೇಳಿದೆ: ದೀಪ ಸರಿಹೋಗುವ ತನಕ ನಿನ್ನ ಜಾಗ ಹಿಂದಿನ ಸೀಟು. ಮಾತಿಗೆ ಮಾತು ಬೆಳೆಸುವವನಲ್ಲ ಅವನು.

“ಹಿಂದ ಪೇಶಂಟ್ ಕೂಡ್ತಾರ, ಡ್ರೈವರ್ ಕೂಡಲ್ಲ,” ಅಂದ. ಆ ಶನಿವಾರ ಬರಲೇ ಇಲ್ಲ.

ಒಬ್ಬಳೇ ಹೋದೆ. ಬಾಗಿಲಲ್ಲಿ ನಿಂತ ಅತ್ತೆ ನನ್ನ ಬೆನ್ನ ಹಿಂದೆ ಅಣ್ಣನನ್ನು ಹುಡುಕಿದಳು. ಅವಳು ಬಿಸಿರೊಟ್ಟಿ ಬಡಿಸಿದರೂ ಊಟ ಸೇರಲಿಲ್ಲ. ತಿರುಗಿ ಬರುವಾಗ ಔರಾದ್ ದಾಟಿ ಮಾಂಜ್ರಾ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿದೆ. ನೀರು ತನ್ನಷ್ಟಕ್ಕೆ ಹೊಳೆಯುತ್ತಿತ್ತು. ಹೊಳೆ ಬಂತು ಎಂದು ಹೇಳುವ ದನಿ ಇರಲಿಲ್ಲ. ಮುಂದಿನ ಸೀಟು ಹೋದರೆ ಅಪ್ಪನ ದಾರಿಯೇ ಹೋಗುತ್ತದೆ ಎಂದು ಆಗ ನನಗೆ ಭಯವಾಯಿತು. ಆಮೇಲೆ ಮೀಟರಿನ ಕಡೆ ನೋಡಿದೆ. ಹೋಗುವಾಗಲೂ ಬರುವಾಗಲೂ ದೀಪ ಹತ್ತಿರಲಿಲ್ಲ. ಅಪ್ಪ ಇಲ್ಲದ ದಿನ ಕೆಂಪು ಮನುಷ್ಯನೂ ಇರಲಿಲ್ಲ.

ಮೆಕ್ಯಾನಿಕ್‌ಗೆ ಇದನ್ನು ಹೇಳಿದಾಗ, ಹಾಗಿದ್ದರೆ ಅವರನ್ನೇ ಕರೆದುಕೊಂಡು ಬನ್ನಿ, ದಿನಾ ಹೇಗೆ ಕೂರುತ್ತಾರೋ ಹಾಗೇ ಕೂರಲಿ, ನಾನು ಕೆಳಗೆ ನೋಡುತ್ತೇನೆ ಅಂದ. ರಿಪೇರಿಗೆ ನೀನು ಬೇಕಂತೆ ಎಂದದ್ದೇ ತಡ, ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಹಿಂದಿನ ಸೀಟಿನಲ್ಲಾದರೂ ಕೂತು, ಭಾಲ್ಕಿಗೆ ಬಂದ.

ಗ್ಯಾರೇಜಿನ ಮುಂದೆ ಬೇವಿನ ನೆರಳಿನಲ್ಲಿ ಗಾಡಿ ನಿಂತಿತ್ತು. ಅಪ್ಪ ಮುಂದೆ ಕೂತ. ಕೂತವನೇ ಕೆಳಗಿನ ಹಿಡಿ ಎಳೆದು ಸೀಟನ್ನು ಮುಂದಕ್ಕೆ ಜಗ್ಗಿದ. ಸ್ವಲ್ಪ ಹಿಂದೆ ಬಿಟ್ಟ. ಮತ್ತೆ ಮುಂದೆ ಜಗ್ಗಿದ. ದಾರಿಯುದ್ದಕ್ಕೂ ಹೀಗೇ ಮಾಡುತ್ತಿದ್ದನೆಂಬುದು ಆಗ ನೆನಪಾಯಿತು. ಮೊಣಕಾಲು ನೋವಿಗೆ ಅಂದುಕೊಂಡಿದ್ದೆ. ಟಾರ್ಚು ಹಿಡಿದು ಮಲಗಿದ್ದ ಮೆಕ್ಯಾನಿಕ್, ಸಿಕ್ಕಿತು ಅಂದ. ಸೀಟಿನ ಕೆಳಗಿನ ಏರ್‌ಬ್ಯಾಗಿನ ಹಳದಿ ವೈರು ಮುಂದಕ್ಕೆ ಜಗ್ಗಿದಾಗಲೆಲ್ಲ ಬಿಗಿದು ಬಿಗಿದು ಒಳಗೇ ತುಂಡಾಗಿತ್ತಂತೆ.

ನಾನು ಗಾಜಿನ ಈಚೆ, ಬಾನೆಟ್ಟಿಗೆ ಒರಗಿ, ಅಪ್ಪನಿಗೆ ಎದುರಾಗಿ ನಿಂತಿದ್ದೆ. ಅವನ ಹಣೆ ಗಾಜಿಗೆ ತಾಗುವಷ್ಟು ಹತ್ತಿರ ಬಂದಿತ್ತು. ತಪ್ಪು ಸಿಕ್ಕ ಖುಷಿಗೆ ನಕ್ಕು ಕೈ ಬೀಸಿದೆ. ಅವನು ನಗಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ದೂರ ನೋಡುತ್ತ, “ನಮ್ಮ ಪೋರಿ ಎಲ್ಲಿ ಹೋದ್ಳಪಾ?” ಎಂದು ಮೆಕ್ಯಾನಿಕ್‌ನನ್ನು ಕೇಳಿದ.

ಎತ್ತಿದ ಕೈ ಇಳಿಸಲು ಹೊತ್ತು ಹಿಡಿಯಿತು.

ಹೊಸ ವೈರು ಹೈದರಾಬಾದಿನಿಂದ ಬಸ್ಸಿನಲ್ಲಿ ಬಂತು. ಬ್ಯಾಟರಿ ಕಳಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಮೆಕ್ಯಾನಿಕ್ ಅದನ್ನು ಹಾಕಿದ. ಮುಗಿದ ಮೇಲೆ, ಅಪ್ಪ ಮುಂದಿನ ಸೀಟಿಗೆ ಬಂದು ಕೂತಾಗ, ನನ್ನನ್ನು ಪಕ್ಕಕ್ಕೆ ಕರೆದು, ಸೀಟು ಇನ್ನು ಹಿಂದೆಯೇ ಇರಲಿ, ಅಷ್ಟು ಮುಂದೆ ಕೂತಾಗ ಏರ್‌ಬ್ಯಾಗ್ ಬಿಚ್ಚಿದರೆ ಎದೆಗೇ ಬಡಿಯುತ್ತದೆ ಅಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ: ಏರ್‌ಬ್ಯಾಗಿಗೆ ದೂರ ಬೇಕು, ಅಪ್ಪನಿಗೆ ಹತ್ತಿರ ಬೇಕು. ಈ ಮಾತನ್ನು ಅವನಿಗೆ ನಾನು ಹೇಳಬೇಕಾಗಲಿಲ್ಲ. ಕಿವಿ ಚುರುಕಿನ ಮನುಷ್ಯ, ತಾನೇ ಕೇಳಿಸಿಕೊಂಡಿದ್ದ. ಹಿಡಿ ಎಳೆದು, ಸೀಟನ್ನು ಕಟ್ ಎನ್ನುವವರೆಗೂ ಹಿಂದಕ್ಕೆ ತಳ್ಳಿದ.

“ಎಷ್ಟು ಮುಂದ ಸರಿದ್ರೂ ಅಷ್ಟೇ ಅದ, ಯವ್ವಾ. ಬರೇ ಬೆಳಕು ಕಾಣ್ತದ.”

“ಯಾಕ ಹೇಳಲಿಲ್ಲಪಾ?”

“ಹೇಳಿದ್ರ ಹಿಂದ ಕೂಡಸ್ತಿದ್ದಿ.”

ಕಣ್ಣಿನ ಡಾಕ್ಟರ ಹತ್ತಿರ ಮತ್ತೆ ಕರೆದುಕೊಂಡು ಹೋದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿಯಿಂದ ಕಾಯಬಹುದು ಅಂದರು. ಮುಂದಿನ ರಜೆಯ ಶನಿವಾರ ನಸುಕಿನಲ್ಲೇ ಡಾಬಕಾಕ್ಕೆ ಹೊರಟೆವು, ಅಪ್ಪ ಮುಂದಿನ ಸೀಟಿನಲ್ಲಿ, ಬೆನ್ನು ಹಿಂದಕ್ಕೆ ಆನಿಸಿ. ಕೀ ತಿರುಗಿಸಿದಾಗ ಕೆಂಪು ಮನುಷ್ಯ ಮುಖ ತೋರಿಸಿ ಹೋದ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನಗೂ ರಸ್ತೆ ಅರ್ಧವೇ ಕಾಣುತ್ತಿತ್ತು. ಅಪ್ಪ ಸೇತುವೆ, ತಿರುವು ಯಾವುದನ್ನೂ ಹೇಳಲಿಲ್ಲ. ಭಾಲ್ಕಿ ದಾಟಿತು.

“ಹುಣಸಿ ಮರ ಬಂತೇನು?” ಎಂದು ಕೇಳಿದ.

ಬಂತು ಅಂದುಬಿಡಲೇ ಅನ್ನಿಸಿತು. ಅಂದರೆ ಏನು ಹೋಗುತ್ತಿತ್ತು? ಆದರೂ ನಾಲಿಗೆ ಹೊರಳಲಿಲ್ಲ.

“ಜಾಗ ಬಂತಪಾ. ಮರ ಇಲ್ಲ. ಕಡದಾರ.”

ಅಪ್ಪ ಕಿಟಕಿಯ ಅಂಚಿಗೆ ಕೈ ಚಾಚಿದ.

“ಗೊತ್ತದ,” ಅಂದ. “ಅಲ್ಲಿ ಕೈಗಿ ನೆಳ್ಳು ತಾಕ್ತಿತ್ತು. ಈಗ ಮಂಜಿಲ್ಲದ ದಿನ ಬಿಸಲು ತಾಕ್ತದ. ನೀ ಖರೇ ಹೇಳ್ತಿಯೋ ಇಲ್ಲೋ ಅಂತ ಕೇಳ್ದೆ. ಹೇಳು ಈಗ, ಮುಂದ ಏನದ?”

ಮುಂದೆ ಮಂಜಿನೊಳಗೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ಟ್ರ್ಯಾಕ್ಟರ್ ಅದ, ಕಬ್ಬಿಂದು, ಅಂದೆ. ನಾನು ಬ್ರೇಕು ಒತ್ತುವ ಮೊದಲೇ ಅಪ್ಪನ ಬಲಗಾಲು ಮ್ಯಾಟನ್ನು ಒತ್ತಿತು.