ಲ್ಯಾಮಿನೇಶನ್ ಆದ ಹೂವಿನ ಕಾರ್ಡು

ರಾಯದುರ್ಗದಲ್ಲಿ ಕಾಗದ ಸ್ವಲ್ಪ ಚೆಂದ ಕಂಡರೆ ಸಾಕು, ಲ್ಯಾಮಿನೇಶನ್ ಮಾಡದೆ ಬಿಡುವುದಿಲ್ಲ. ಇದು ಗೊತ್ತಿದ್ದೂ ನನ್ನ ಗ್ರೀಟಿಂಗ್ ಕಾರ್ಡನ್ನು ಜೆರಾಕ್ಸ್ ಅಂಗಡಿಯ ಮೇಜಿನ ಮೇಲಿಟ್ಟು, ಫೋನಿನಲ್ಲಿ ಮಾತಾಡಲು ಹೊರಗೆ ಹೋದೆ. ನನಗೆ ಬೇಕಿದ್ದದ್ದು ಒಂದು ಕವರ್ ಅಷ್ಟೆ.

ನಮ್ಮ ಶಾಲೆಯ ಶಾರದಮ್ಮ ಟೀಚರ್‌ಗೆ ಅಂದು ಮಧ್ಯಾಹ್ನ ಬೀಳ್ಕೊಡುಗೆ. ಅವರಿಗಾಗಿ ಡೈ ಎಂಬ ಅಚ್ಚು ಒತ್ತಿ ಕಾಗದದ ಹೂಗಳನ್ನು ಕತ್ತರಿಸಿ, ಎಸಳುಗಳನ್ನು ಒಂದೊಂದಾಗಿ ಬಾಗಿಸಿ ಅಂಟಿಸಿದ್ದೆ. ಅಂಚಿಗೆ ಬಳ್ಳಿಯ ಸ್ಟ್ಯಾಂಪ್ ಹಾಕಿದ್ದೆ. ಒಳಗೆ ಹೆಡ್‌ಮಾಸ್ಟರ ಕೈಯಲ್ಲಿ ಒಂದು ಸಾಲು ಬರೆಸಿದ್ದೆ: 'ಈ ಶಾಲೆ ನಡೆದದ್ದು ನಿಮ್ಮಿಂದ.' ಬಾಯಿಬಿಟ್ಟು ಎಂದೂ ಹೊಗಳದವರಿಂದ ಅದನ್ನು ಬರೆಸಲು ವಾರಗಟ್ಟಲೆ ಬೆನ್ನುಬಿದ್ದಿದ್ದೆ.

ಒಳಗೆ ಬಂದಾಗ ಕಾರ್ಡು ಮಡಚಿದ ಹಾಗೆಯೇ ಪ್ಲಾಸ್ಟಿಕ್ ಸೇರಿತ್ತು. ಹೂಗಳೆಲ್ಲ ಅಪ್ಪಚ್ಚಿ.

"ಇನ್ನ ಧೂಳು ಕೂಡಂಗಿಲ್ರಿ ಅಕ್ಕಾ," ಎಂದ ಅಂಗಡಿಯವ.

"ಯಾರು ಹೇಳಿದ್ರಪ್ಪಾ ನಿನಗ?"

"ಹೇಳಬೇಕೇನ್ರಿ? ಇಷ್ಟು ಚಂದ ಐತಲ್ಲ."

ಲ್ಯಾಮಿನೇಶನ್ನಿನ ದುಡ್ಡನ್ನು ಸಿಟ್ಟಿನಿಂದ ಮೇಜಿನ ಮೇಲೆ ಕುಕ್ಕಿ ಶಾಲೆಗೆ ಹೋದೆ. ಸಮಾರಂಭದಲ್ಲಿ ಶಾರದಮ್ಮ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಒಳಗೇನೈತ್ರಿ?" ಎಂದರು.

"ಹಂಗೇ ಇಟ್ಕೊಳ್ರಿ ಟೀಚರ್, ಕೆಡಂಗಿಲ್ಲ," ಎಂದು ಹೆಡ್‌ಮಾಸ್ಟರು ನನ್ನತ್ತ ನೋಡಿ ನಿರಾಳವಾಗಿ ನಕ್ಕರು. "ಲ್ಯಾಮಿನೇಶನ್ ಮಾಡ್ಸಿದ್ದು ಛಲೋ ಆತು ಮೇಡಂ."

ಅಂಗಡಿಯವನ ಮೇಲಿದ್ದ ನನ್ನ ಸಿಟ್ಟು ಆಗ ಸರಿಯಾದ ವಿಳಾಸಕ್ಕೆ ತಲುಪಿತು. ಕಾರ್ಡು ಮಾಡುವವಳ ಬ್ಯಾಗಿನಲ್ಲಿ ಕತ್ತರಿ ಇದ್ದೇ ಇರುತ್ತದೆ. ವೇದಿಕೆಯ ಮೇಲೆಯೇ ಮೂರು ಅಂಚು ಕತ್ತರಿಸಿ, ಕಾರ್ಡು ಬಿಡಿಸಿ, ಹೆಡ್‌ಮಾಸ್ಟರಿಗೇ ಮೈಕ್ ಕೊಟ್ಟೆ.

"ನೀವೇ ಓದ್ರಿ ಸಾರ್. ನಿಮ್ಮ ಅಕ್ಷರ ನಮಗ ತಿಳಿಯಂಗಿಲ್ಲ."

ಓದಿದರು. ಶಾರದಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಹೆಡ್‌ಮಾಸ್ಟರ ಮುಖ ಮಾತ್ರ ನನ್ನ ಹೂಗಳ ಹಾಗೆಯೇ ಆಗಿತ್ತು.