ಪ್ರೋಟೀನ್ ಬಂದ್

ಬಂದರಿನ ಊರಿಗೆ ದುಡಿಯಲು ಬಂದು ಮಂಗೋರ್ ಹಿಲ್‌ನಲ್ಲಿ ನೆಲೆಸಿದ ಕನ್ನಡದವರಿಗೆ ಆಸ್ಪತ್ರೆಯ ಇಂಗ್ಲಿಷ್ ಕಾಗದ ಬಂದರೆ, ಅದು ಮೊದಲು ಈರಬಸಪ್ಪ ಕಾಕಾನ ಮೂಗಿನ ಮುಂದೆ ಹೋಗಬೇಕು. ಬಂದರಿನ ಗೇಟಿನಲ್ಲಿ ‘ಪ್ರೊಹಿಬಿಟೆಡ್’, ಅಂದರೆ ಒಳಗೆ ಬರುವುದು ಬಂದ್, ಎಂಬ ಬೋರ್ಡಿನ ಕೆಳಗೆ ಇಪ್ಪತ್ತು ವರ್ಷ ಕಾವಲು ನಿಂತವನು ಆತ. ಕಾಗದವನ್ನು ಬಿಸಿಲಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು, ಗೊತ್ತಿರುವ ಒಂದೇ ಶಬ್ದದಿಂದ ಇಡೀ ರೋಗ ಹೇಳಿಬಿಡುವನು. “ನಾ ಅದೀನಲ್ಲ, ನಿಮಗ್ಯಾಕ ಚಿಂತಿ?” ರೇಣವ್ವನ ಎರಡು ವರ್ಷದ ಮಗಳ ಕಾಗದದಲ್ಲಿ ‘ಪ್ರೊಹಿಬಿಟಿನ್ ಪ್ರೋಟೀನ್’ ಎಂದಿತ್ತು; ಕಾಕಾನಿಗೆ ಅದು ಬೋರ್ಡಿನ ಶಬ್ದವಾಗಿಯೇ ಕಂಡಿತು. “ಪ್ರೋಟೀನ್ ಬಂದ್ ಅಂತ ಬರದಾರ ಯವ್ವಾ. ಬ್ಯಾಳಿ, ತತ್ತಿ, ಹಾಲು ಕೊಡಬ್ಯಾಡ.” ತಿಂಗಳೊಪ್ಪತ್ತು ಬರೀ ಗಂಜಿ ಕುಡಿದ ಕೂಸು ಕತ್ತು ಎತ್ತದಾಯಿತು. ಕೊನೆಗೆ ಆಸ್ಪತ್ರೆಗೆ ಒಯ್ದಾಗ ನರ್ಸ್ ಬಿಡಿಸಿ ಹೇಳಿದಳು: ಅದು ಊಟದ್ದಲ್ಲ; ಜೀವಕೋಶಕ್ಕೆ ಕಸುವು ಕೊಡುವ ಮೈಟೊಕಾಂಡ್ರಿಯಾ ಎಂಬ ಒಲೆ ಕುಸಿಯದಂತೆ ಹಿಡಿಯುವ ಪ್ರೋಟೀನು, ಮಗುವಿಗೆ ಅದೇ ಕಡಿಮೆ. ರೇಣವ್ವ ನೆಟ್ಟಗೆ ಕಾಕಾನ ಕಟ್ಟೆಗೆ ಬಂದಳು. “ಗೊತ್ತಿಲ್ಲ ಅಂದಿದ್ರ ನಿಮ್ಮ ಗಂಟೇನ ಹೋಗತಿತ್ತು? ನನ್ನ ಕೈಲೇನ ನನ್ನ ಕೂಸನ್ನ ಉಪವಾಸ ಕೆಡವಿದ್ರಿ.” ಕಾಕಾ ಕೈಯಲ್ಲಿದ್ದ ಇನ್ಯಾರದೋ ಕಾಗದವನ್ನು ಕೆಳಗಿಟ್ಟ. “ನನಗ ಓದಾಕ ಬರೂದು ಆ ಗೇಟಿನ ಬೋರ್ಡ್ ಅಷ್ಟ, ಯವ್ವಾ. ಡಾಕ್ಟರನ್ನ ಕೇಳಾಕ ನಿನ್ನಷ್ಟ ನನಗೂ ಅಂಜಿಕಿ.” ಅವಳ ಸಿಟ್ಟು ಇಳಿಯಲಿಲ್ಲ. “ನಾಳೆ ದವಾಖಾನಿಗೆ ನೀವೂ ಬರ್ರಿ. ಡಾಕ್ಟರನ್ನ ನಾ ಕೇಳ್ತೀನಿ. ನೀವು ಕೂಸನ್ನ ಎತ್ಕೊಂಡು ನಿಂದರ್ರಿ. ಎಷ್ಟು ಹಗುರಾಗ್ಯಾಳ ಅನ್ನೂದು ಗೊತ್ತಾಗ್ಲಿ.”