ಗುಂಡಯ್ಯನ ಕಣ್ಣು, ನಂಜಮ್ಮನ ಕೆಮ್ಮು

ಮಾರನಹಳ್ಳಿಯಿಂದ ಒಳಗೆ ಹೋಗುವ ಮಣ್ಣುದಾರಿಯ ತುದಿಯಲ್ಲಿರುವ ಮೋಹನ್ ಸಾಹುಕಾರರ ಎಸ್ಟೇಟಿನಲ್ಲಿ ಗುಂಡಯ್ಯ ಬಹಳ ವರ್ಷಗಳಿಂದ ರೈಟರು. ರೈಟರೆಂದರೆ ಕೂತು ಬರೆಯುವವನು ಎಂದುಕೊಳ್ಳಬೇಡಿ, ಆಳುಗಳ ಮೇಲೆ ಕೂಗಾಡುವವನು. ಅದಕ್ಕೆ ಬೇಕಾದ ಗಂಟಲು, ಮೀಸೆ, ಛತ್ರಿ ಎಲ್ಲವೂ ಅವನಿಗಿದ್ದವು. ಇಲ್ಲದ್ದು ಒಂದೇ. ಕೆಂಪು ಹಣ್ಣೂ ಹಸಿರು ಕಾಯಿಯೂ ಅವನ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು.

ಕಾಫಿ ತೋಟದಲ್ಲಿ ಇದು ಸಣ್ಣ ಕೊರತೆಯಲ್ಲ. ಕುಯ್ಲಿನ ಕಾಲದಲ್ಲಿ ಹೆಣ್ಣಾಳುಗಳು ಸಂಜೆ ತಾವು ಕುಯ್ದದ್ದನ್ನು ಕಣದಲ್ಲಿ ಗೋಣಿತಾಟಿನ ಮೇಲೆ ಸುರಿದುಕೊಂಡು, ಹಸಿರು ಕಾಯಿಗಳನ್ನು ಆರಿಸಿ ತೆಗೆಯುತ್ತಾರೆ. ಆಮೇಲೆ ರೈಟರು ಒಂದೊಂದೇ ರಾಶಿ ನೋಡಿ, ಕಾಯಿ ಉಳಿದಿದ್ದರೆ ಬೈಯಬೇಕು, ಇಲ್ಲದಿದ್ದರೆ ತೂಕಕ್ಕೆ ಬಿಡಬೇಕು. ಗುಂಡಯ್ಯ ಗತ್ತಿನಿಂದ ಬಗ್ಗಿ, ಒಂದು ಹಿಡಿ ಎತ್ತಿ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಆದರೆ ಕೆಲಸ ಮಾಡುತ್ತಿದ್ದದ್ದು ಅವನ ಕಿವಿ. ಆಳುಗಳ ಸಾಲಿನಲ್ಲೇ ಕೂತಿರುತ್ತಿದ್ದ ಅವನ ಹೆಂಡತಿ ನಂಜಮ್ಮ ಕೆಮ್ಮಿದರೆ ರಾಶಿಯಲ್ಲಿ ಕಾಯಿ ಇದೆ ಎಂದರ್ಥ. ಕೆಮ್ಮದಿದ್ದರೆ ತೂಕಕ್ಕೆ.

ಗಂಡಹೆಂಡಿರಿಬ್ಬರೇ ಗುಟ್ಟಾಗಿ ಮಾಡಿಕೊಂಡಿದ್ದ ಏರ್ಪಾಡು ಇದು. ಹೆಚ್ಚು ಕೆಮ್ಮು ಬೀಳುತ್ತಿದ್ದದ್ದು ಶೀಲಾ ಎಂಬುವಳ ರಾಶಿಗೆ. "ಏನಮ್ಮಾ ಶೀಲಾ, ಕಣ್ಣು ಕಾಣಾಕಿಲ್ವಾ ನಿಂಗೆ?" ಎಂದು ಗುಂಡಯ್ಯ ದಿನವೂ ಗುಡುಗುತ್ತಿದ್ದ. ಎಷ್ಟು ಜೋರಾಗಿ ಗುಡುಗುತ್ತಿದ್ದನೆಂದರೆ, ತನ್ನ ಕಣ್ಣು ನೆಟ್ಟಗಿದೆಯೆಂದು ಅವನಿಗೇ ನಂಬಿಕೆ ಬಂದುಬಿಡುತ್ತಿತ್ತು.

ಈ ಸಲ ಕುಯ್ಲು ಶುರುವಾಗುವ ಹೊತ್ತಿಗೆ ಆಲೂರಿನಲ್ಲಿರುವ ಮಗಳು ಸ್ನೇಹಾಳಿಗೆ ದಿನ ತುಂಬುತ್ತ ಬಂದಿತ್ತು. ಜೀಪೇ ಏದುಸಿರು ಬಿಡುವ ಈ ದಾರಿಯಲ್ಲಿ ಬಸುರಿಯನ್ನು ತವರಿಗೆ ತರುವುದು ಬೇಡವೆಂದು ನಂಜಮ್ಮನೇ ಬಾಣಂತನಕ್ಕೆ ಹೊರಡಲು ಸಿದ್ಧಳಾದಳು.

"ನೀನು ಹೋಗ್ಬುಟ್ರೆ ನನ್ ಗತಿ ಏನೇ? ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್‌ಗೆ ಈ ಸಲ ಹಸಿರು ಕಾಯಿ ಬಂದ್ರೆ ನನ್ನ ಗೇಟು ಕಾಯಾಕೆ ಹಾಕ್ತೀನಿ ಅಂದವ್ರೆ ಸಾಹುಕಾರ್ರು."

"ಮಗಳ ಬಾಣಂತನ ಬಿಟ್ಟು ನಿಮ್ ಪಕ್ಕ ಕೆಮ್ಕಂಡು ಕೂತಿರ್ಲಾ? ಡಾಕ್ಟ್ರಿಗೆ ತೋರಿಸ್ರೀ" ಎಂದಳು ನಂಜಮ್ಮ.

ಗೇಟಿನ ಕೆಲಸವೇನೂ ಕೀಳಲ್ಲ. ಆದರೆ ಅಲ್ಲಿ ಬೈಯಲು ಸಿಗುವುದು ದಾರಿ ತಪ್ಪಿದ ದನಗಳು ಮಾತ್ರ. ಗುಂಡಯ್ಯನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಸಕಲೇಶಪುರದ ಕಣ್ಣಿನ ಡಾಕ್ಟರಮ್ಮ ಬಣ್ಣದ ಚುಕ್ಕಿಗಳ ಚಿತ್ರ ತೋರಿಸಿ, ಅದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದರು. ಗುಂಡಯ್ಯ ಅಭ್ಯಾಸಬಲದಿಂದ ಹುಬ್ಬು ಗಂಟಿಕ್ಕಿ, ಕಿವಿ ನಿಮಿರಿಸಿ ಕಾದ. ಹೊರಗಿನ ಬೆಂಚಿನಲ್ಲಿ ಯಾರೋ ಮುದುಕ ಕೆಮ್ಮಿದ.

"ಕಾಯಿ ಐತೆ!" ಎಂದ ಗುಂಡಯ್ಯ.

ಡಾಕ್ಟರಮ್ಮ ಕಷ್ಟಪಟ್ಟು ನಗು ನುಂಗಿಕೊಂಡರು. "ಇದು ವರ್ಣಾಂಧತೆ, ಹುಟ್ಟಿನಿಂದಲೇ ಬಂದದ್ದು. ಬಣ್ಣ ಗುರುತಿಸೋ ಕೋಶಗಳು ಕಣ್ಣಲ್ಲಿ ಮೂರು ಬಗೆ ಇರುತ್ತವೆ. ನಿಮ್ಮಲ್ಲಿ ಒಂದು ಬಗೆ ಸರಿಯಾಗಿ ಕೆಲಸ ಮಾಡ್ತಿಲ್ಲ. ಗಂಡುಮಕ್ಕಳಿಗೆ ಇದು ತಾಯಿಯಿಂದ ಬರುತ್ತೆ."

"ನಮ್ಮವ್ವಂಗೆ ಎಲ್ಲಾ ಬಣ್ಣಾನೂ ಕಾಣ್ತಿತ್ತಲ್ರೀ?"

"ಅವರಿಗೆ ಕಾಣ್ತಿದ್ರೂ ಮಗನಿಗೆ ದಾಟಬಹುದು."

ಅಪ್ಪನ ಜಮೀನೆಲ್ಲ ತಮ್ಮನ ಪಾಲಾಯಿತು, ಅವ್ವನಿಂದ ತನಗೆ ಬಂದದ್ದು ಇದೊಂದು ಎಂದು ಗುಂಡಯ್ಯ ನೊಂದುಕೊಂಡ. ಇದಕ್ಕೆ ಔಷಧಿಯೂ ಇಲ್ಲ, ಆಪರೇಷನ್ನೂ ಇಲ್ಲ ಎಂದರು ಡಾಕ್ಟರಮ್ಮ. ಸಂಶೋಧನೆ ನಡೆದಿದೆ, ಆದರೆ ಜನರ ಕೈಗೆ ಸಿಗುವ ಹಂತಕ್ಕೆ ಬಂದಿಲ್ಲ. ಬಣ್ಣದ ಗಾಜಿನ ಕನ್ನಡಕದಿಂದ ಕೆಲವರಿಗೆ ವ್ಯತ್ಯಾಸ ಸ್ವಲ್ಪ ತಿಳಿಯುತ್ತದೆ, ವಾಸಿಯಂತೂ ಆಗುವುದಿಲ್ಲ, ಕೊಳ್ಳುವ ಮುಂಚೆ ಹಾಕಿಕೊಂಡು ನೋಡಿ ಎಂದರು. ಗುಂಡಯ್ಯನ ಕಿವಿಗೆ ಬಿದ್ದದ್ದು ಕನ್ನಡಕ ಎಂಬ ಮಾತು ಮಾತ್ರ. ಹಾಕಿ ನೋಡದೆಯೇ ತರಿಸಿಕೊಂಡುಬಿಟ್ಟ.

ನಂಜಮ್ಮ ಆಲೂರಿನ ಬಸ್ಸು ಹತ್ತಿದ ದಿನವೇ ಸಂಜೆ, ಕನ್ನಡಕ ಏರಿಸಿಕೊಂಡು ಕಣಕ್ಕೆ ಬಂದ. ಅದರಲ್ಲಿ ರಾಶಿ, ಗೋಣಿ, ಕಣದ ನಾಯಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದವು. ಅತ್ತ ಪಲ್ಪರ್ ಹತ್ತಿರ ಸಾಹುಕಾರರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಗುಂಡಯ್ಯ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ದೇವರ ಮೇಲೆ ಭಾರ ಹಾಕಿ, ಮೊದಲನೆಯ ರಾಶಿಯ ಮುಂದೆ ಬಗ್ಗಿದ. "ತೂಕ..." ಎಂದು ಬಾಯಿ ತೆರೆಯುವಷ್ಟರಲ್ಲಿ ಸಾಲಿನಿಂದ ಒಂದು ಕೆಮ್ಮು ಕೇಳಿಸಿತು.

ತಿರುಗಿ ನೋಡಿದರೆ ಶೀಲಾ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎತ್ತಲೋ ನೋಡುತ್ತಿದ್ದಳು.

"ಕಾಯಿ ಐತೆ, ಆರಿಸ್ರಮ್ಮಾ!" ಎಂದು ಗುಂಡಯ್ಯ ಗುಡುಗಿದ. ಸಾಲು ಮುಗಿಯುವವರೆಗೂ ಬೇಕಾದಲ್ಲಿ ಕೆಮ್ಮು ಬಂತು, ಬೇಡದಲ್ಲಿ ಬರಲಿಲ್ಲ. ಸಾಹುಕಾರರು ರಾಶಿಗಳನ್ನು ನೋಡಿ, ತಲೆಯಾಡಿಸಿ ಹೋದರು.

ಅವರ ಜೀಪು ಮರೆಯಾದ ಮೇಲೆ ಗುಂಡಯ್ಯ ಮೆಲ್ಲಗೆ ಕೇಳಿದ: "ನೆಗಡಿನಾ ಶೀಲಾ?"

"ನೆಗಡಿ ಏನಿಲ್ಲ ರೈಟ್ರೇ. ನಂಜಕ್ಕ ಊರಲ್ಲಿಲ್ವಲ್ಲ, ಯಾರಾದ್ರೂ ಕೆಮ್ಬೇಕಲ್ಲ."

ಕಣವೆಲ್ಲ ಗೊಳ್ಳೆಂದಿತು. "ನಿಮ್ಗೆಲ್ಲಾ ಗೊತ್ತಿತ್ತಾ?" ಎಂದು ಗುಂಡಯ್ಯ ಬಾಯಿ ಬಿಟ್ಟ.

"ಹೋದ ವರ್ಷ ನಂಜಕ್ಕಂಗೆ ನಿಜವಾಗ್ಲೂ ಕೆಮ್ಮು ಹಿಡಿದಾಗ, ನೀವು ಖಾಲಿ ಗೋಣಿಗೂ ಬೈದ್ರಲ್ಲ!" ಎಂದಳು ಶೀಲಾ. ಆಮೇಲೆ ದನಿ ತಗ್ಗಿಸಿದಳು. "ನನ್ ರಾಶೀಲಿ ಯಾವತ್ತೂ ಕಾಯಿ ಇರ್ತಿರ್ಲಿಲ್ಲ ರೈಟ್ರೇ. ನನ್ ಕೋಳಿ ನಿಮ್ ಹಿತ್ಲಿನ ಕೊತ್ತಂಬ್ರಿ ಮಡಿ ಕೆದಕ್ತಲ್ಲ, ಅವತ್ತಿಂದ ನಂಜಕ್ಕಂಗೆ ನನ್ ಕಂಡ್ರೆ ಕೆಮ್ಮು."

ಗುಂಡಯ್ಯನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಕೋಳಿ ಮಾಡಿದ ತಪ್ಪಿಗೆ ಇಷ್ಟು ವರ್ಷ ಇವಳನ್ನು ಬೈದೆನಲ್ಲ ಎಂದು ಪೇಚಾಡಿದ. "ತಪ್ಪಾಯ್ತು ಕಣಮ್ಮಾ" ಎಂದ, ಎಲ್ಲರ ಎದುರಿಗೇ. "ಆದ್ರೂ ನನ್ ಯಾಕೆ ಉಳಿಸ್ದೆ ಇವತ್ತು?"

"ನಿಮ್ನ ಗೇಟಿಗೆ ಹಾಕಿದ್ರೆ ಹೊಸ ರೈಟ್ರು ಬರ್ತಾರೆ. ಅವ್ರಿಗೆ ಕಣ್ಣು ಕಂಡ್ಬುಟ್ರೆ ನಮ್ ಗತಿ?"

ಮನೆಯ ದಾರಿಯಲ್ಲಿ ಗುಂಡಯ್ಯ ಆಲೂರಿಗೆ ಫೋನು ಹಚ್ಚಿ, ಮಗಳ ಕ್ಷೇಮ ವಿಚಾರಿಸಿದ. ಆಮೇಲೆ ಕೇಳಿದ: "ನಂಜೀ, ನಿಜ ಹೇಳು. ಶೀಲನ ರಾಶೀಲಿ ಇರ್ತಿದ್ದದ್ದು ಕಾಯೋ, ಕೋಳಿಯೋ?"

ಆ ಕಡೆಯಿಂದ ನಂಜಮ್ಮ ಕೆಮ್ಮಿದಳು.